ಒದ್ದೆ ಬಟ್ಟೆಯಡಿಯ ಕಡಲತಳ

ಜೂನ್ ೧೧, ಮಂಗಳವಾರ

ಮಗಳ ಮನೆಗೆ ಬಂದು ಸೇರಿದೆ. ಒಂದು ಟ್ರಂಕು, ಒಂದು ಛತ್ರಿ, ಓದುವ ಕನ್ನಡಕ. ಸಮಾಧಾನ ಹೇಳಲು ಬಂದವರೆಲ್ಲ ಹೇಳಿ ಹೋಗಿಯಾಗಿದೆ. ಇನ್ನು ಅವಳ ವಸ್ತುಗಳನ್ನು ಒಪ್ಪವಾಗಿ ಎತ್ತಿಡುವವರು ಬೇಕು. ಅವಳ ಗಂಡನಿಂದ ಅದು ಆಗದು. ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಪಕ್ಕದಲ್ಲಿಯೇ ಪ್ಲಾಸ್ಟರ್ ಪುಡಿಯ ಡಬ್ಬಿಯನ್ನು ಇಟ್ಟುಕೊಂಡಿರುವ ಮನುಷ್ಯ.

ಹಿಂದಿನ ಕೋಣೆ ಅವಳ ಕೆಲಸದ ಕೋಣೆ. ಜ್ವರವೆಂದು ಆಸ್ಪತ್ರೆಗೆ ಹೊರಟ ದಿನ ಹೇಗೆ ಬಿಟ್ಟಿದ್ದಳೋ ಹಾಗೆಯೇ ಇದೆ: ಎತ್ತರದ ಸ್ಟೂಲು, ಗೋಡೆಗೆ ಅಂಟಿಸಿದ ಚಿತ್ರಗಳು, ಮೊಳೆಗೆ ತೂಗುಹಾಕಿದ ಮಣ್ಣು ಮೆತ್ತಿದ ಏಪ್ರನ್. ಮೇಜಿನ ಮೇಲೊಂದು ಹಲಗೆ. ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಅದರಡಿ ಒದ್ದೆ ಬಟ್ಟೆ, ಬಟ್ಟೆಯಡಿ ಜೇಡಿಮಣ್ಣಿನ ಕಡಲತಳ. ವಸ್ತುಸಂಗ್ರಹಾಲಯದ ಹೊಸ ವಿಭಾಗಕ್ಕಾಗಿ ಅವಳು ಮಾಡುತ್ತಿದ್ದ ಮಾದರಿ ಅದು. ಸುಮಾರು ಐವತ್ತೈದು ಕೋಟಿ ವರ್ಷಗಳ ಹಿಂದೆ, ಈಡಿಯಾಕರನ್ ಎಂದು ಕರೆಯುವ ಕಾಲದಲ್ಲಿ, ಸಮುದ್ರದ ತಳದಲ್ಲಿ ಮಲಗಿದ್ದ ಒಂದು ಪ್ರಾಣಿ. ಹೆಸರು ಡಿಕಿನ್ಸೋನಿಯ. ಊಟದ ತಟ್ಟೆಗಿಂತ ತುಸು ದೊಡ್ಡದು. ಮೊಟ್ಟೆಯ ಆಕಾರ, ಚಪ್ಪಟೆ ಮೈ. ನಡುಗೆರೆಯಿಂದ ಎರಡೂ ಬದಿಗೆ, ಹೊಲಿಗೆ ಹಾಕಿದ ಕೌದಿಯ ಹಾಗೆ, ಮಡಿಕೆ ಮಡಿಕೆ. ಒಂದು ಅಂಚನ್ನು ಅವಳು ಸ್ವಲ್ಪ ಮೇಲಕ್ಕೆತ್ತಿದ್ದಾಳೆ, ಇನ್ನೇನು ಪಕ್ಕಕ್ಕೆ ಸರಿಯುತ್ತದೆ ಎನ್ನುವಂತೆ. ಎಡಭಾಗದ ಮಡಿಕೆಗಳು ಪೂರ್ತಿಯಾಗಿವೆ. ಬಲಭಾಗದಲ್ಲಿ ಬರೀ ಗೀರುಗಳು. ಅಲ್ಲಲ್ಲಿ ಹೆಬ್ಬೆರಳಿನಿಂದ ಒತ್ತಿದ್ದಾಳೆ, ಅಷ್ಟೆ. ಒತ್ತಿದ ಕಡೆಯಲ್ಲೆಲ್ಲ ಬೆರಳಿನ ಸಣ್ಣ ಗೆರೆಗಳು ಕೂಡ ಉಳಿದಿವೆ.

"ಒಣಗಿದ್ರೆ ಬಿರುಕು ಬಿಟ್ಟುಬಿಡುತ್ತೆ ಅಮ್ಮ. ಕೆಲಸ ಮುಗಿಯೋವರೆಗೂ ನೀರು ಚಿಮುಕಿಸ್ತಾನೇ ಇರ್ಬೇಕು. ಕೂಸು ಸಾಕಿದ ಹಾಗೆ" ಎನ್ನುತ್ತಿದ್ದಳು.

ಬಟ್ಟೆ ಎತ್ತಿ ಮುಟ್ಟಿದೆ. ಇನ್ನೂ ತೇವವಿತ್ತು, ಪ್ಲಾಸ್ಟಿಕ್ ಒಳ್ಳೆಯದಿರಬೇಕು. ತುಂತುರು ಸೀಸೆ ತುಂಬಿಸಿ ಚಿಮುಕಿಸಿದೆ. ಇನ್ನು ಮುಂದೆ ಇದು ನನ್ನ ಕೆಲಸ. ಆ ಮನುಷ್ಯನಿಗೆ ಹೇಳಲಿಲ್ಲ. ಹೇಳಿದರೆ ನಾನೇ ನೋಡಿಕೊಳ್ಳುತ್ತೇನೆ ಎಂದು ತಲೆಯಾಡಿಸಿ, ವಾರ ಕಳೆಯುವುದರೊಳಗೆ ಮರೆಯುವ ಪೈಕಿ.

ಜೂನ್ ೧೨, ಬುಧವಾರ

ನೀರು ಚಿಮುಕಿಸಿದೆ. ಅವಳ ಬಟ್ಟೆಗಳನ್ನು ಮಡಿಚಲು ಕುಳಿತೆ. ಮೊದಲನೆಯದನ್ನು ಕೈಗೆತ್ತಿಕೊಂಡು ಅಲ್ಲಿಗೇ ನಿಲ್ಲಿಸಿದೆ.

ಜೂನ್ ೧೪, ಶುಕ್ರವಾರ

ಸೇವೆಯುದ್ದಕ್ಕೂ ನಾನು ಇತಿಹಾಸ ಕಲಿಸಿದವಳು. ಇಸವಿ ತಪ್ಪಿದವರಿಗೆ ಒಂದಂಕಿಯನ್ನೂ ಬಿಟ್ಟುಕೊಟ್ಟಿಲ್ಲ. ನನ್ನ ಮಗಳು ನನ್ನ ವಿಷಯವನ್ನೇ ಗೇಲಿ ಮಾಡುತ್ತಿದ್ದಳು.

"ನಿಮ್ಮ ರಾಜರು, ಯುದ್ಧಗಳು ಎಲ್ಲಾ ನಿನ್ನೆ ಸಂಜೆ ನಡೆದಿದ್ದು ಅಮ್ಮ. ಇದನ್ನ ನೋಡಿ. ಇದಿದ್ದಾಗ ಭೂಮಿ ಮೇಲೆ ಹುಲ್ಲಿಲ್ಲ, ಮರ ಇಲ್ಲ, ನೀರಲ್ಲಿ ಮೀನಿಲ್ಲ. ಯಾರಿಗೂ ಮೂಳೆ ಅನ್ನೋದೇ ಇಲ್ಲ. ಯಾರನ್ನ ಯಾರೂ ಬೇಟೆ ಆಡ್ತಿರಲಿಲ್ಲ."

"ಹಾಗಾದರೆ ಇದು ಏನು ತಿನ್ನುತ್ತಿತ್ತು?"

"ಬಾಯೇ ಇಲ್ಲ ಇದಕ್ಕೆ! ಕಡಲತಳದಲ್ಲಿ ಪಾಚಿ ಥರ ಒಂದು ಪದರ ಹಾಸಿರ್ತಿತ್ತು. ಅದರ ಮೇಲೆ ಹೋಗಿ ಮಲಗೋದು, ಹೊಟ್ಟೆಯಡಿಯಿಂದಲೇ ಹೀರ್ಕೊಳ್ಳೋದು, ಖಾಲಿ ಆದ್ಮೇಲೆ ಪಕ್ಕಕ್ಕೆ ಸರಿಯೋದು. ಇವರಿಗೂ ಹೇಳ್ದೆ, ಈ ಒಂದು ಗಿರಾಕಿ ಮಾತ್ರ ಜೀವಮಾನದಲ್ಲಿ ನಿಮ್ಮ ಕೈಗೆ ಸಿಗಲ್ಲ ನೋಡಿ, ಹಲ್ಲಿನ ಸೆಟ್ಟೇ ಬೇಡ ಇದಕ್ಕೆ ಅಂತ."

ಕೃತಕ ಹಲ್ಲು ಕಟ್ಟುವ ಅವಳ ಗಂಡ ನಕ್ಕಿದ್ದ. ನಾನು ನಗಲಿಲ್ಲ. ಮೂಳೆ, ಚಿಪ್ಪು ಏನೂ ಇಲ್ಲದ್ದು ಇತ್ತೆಂದು ಹೇಗೆ ಹೇಳುತ್ತೀ, ಆಧಾರ ಕೊಡು ಎಂದೆ. ಬಿರುಗಾಳಿಯಲ್ಲಿ ಮರಳು ಬಂದು ಒಮ್ಮೆಲೇ ಇದರ ಮೇಲೆ ಬೀಳುತ್ತಿತ್ತಂತೆ. ಮೆದು ಮೈ ಕೊಳೆತು ಹೋಗುವ ಹೊತ್ತಿಗೆ ಮೇಲಿನ ಮರಳು ಗಟ್ಟಿಯಾಗಿ, ಅದರ ಆಕಾರವನ್ನು ಅಚ್ಚಿನ ಹಾಗೆ ಹಿಡಿದುಕೊಳ್ಳುತ್ತಿತ್ತಂತೆ. ಇರುವುದು ಆ ಅಚ್ಚು ಮಾತ್ರ. ಪ್ರಾಣಿಯೆಂದು ಖಚಿತವಾದದ್ದು ಕಲ್ಲಿನಲ್ಲಿ ಉಳಿದಿದ್ದ ಒಂದಿಷ್ಟು ಜಿಡ್ಡಿನಿಂದ.

"ನಿಮ್ಮ ಡಾಕ್ಟರು ನಿಮಗೆ ಜಾಸ್ತಿ ಆಗಿದೆ ಅಂತಾರಲ್ಲ, ಕೊಲೆಸ್ಟರಾಲ್, ಅದೇ ಅಮ್ಮ! ಅಷ್ಟು ವರ್ಷ ಆದ್ರೂ ಉಳಿದಿದೆ. ಹಾಗಾಗಿ ನೀವು ಪಥ್ಯ ಮಾಡಿ."

ಅವಳ ಯಾವುದೇ ಮಾತು ಕೊನೆಗೆ ನನ್ನ ಪಥ್ಯಕ್ಕೆ ಬಂದು ನಿಲ್ಲುತ್ತಿತ್ತು.

ಜೂನ್ ೧೭, ಸೋಮವಾರ

ಇಂದು ಊಟಕ್ಕೆ ಎದುರುಬದುರು ಕೂರಬೇಕಾಯಿತು. ಆ ಮನುಷ್ಯನ ಹಲ್ಲಿನ ಕೆಲಸಕ್ಕೂ ಪ್ಲಾಸ್ಟರೇ ಬೇಕು. ಪ್ಲಾಸ್ಟರ್ ಮಾರುವ ಅಂಗಡಿಯಲ್ಲಿ ಇಬ್ಬರಿಗೂ ಪರಿಚಯವಾಯಿತಂತೆ. ನಾನು ನೋಡಿಟ್ಟಿದ್ದ ಉಪನ್ಯಾಸಕನನ್ನು ಬೇಡವೆಂದು ಇವನನ್ನು ಒಪ್ಪಿದಳು. ಅದೇ ವರ್ಷ ನನ್ನ ಹಲ್ಲುಗಳು ಹೋದವು. ನಾನು ಬೇರೊಬ್ಬನನ್ನು ಹುಡುಕಿಕೊಂಡು ಹೋಗಿ ಮೇಲಿನದು, ಕೆಳಗಿನದು ಎರಡೂ ಸೆಟ್ಟು ಮಾಡಿಸಿಕೊಂಡು ಬಂದೆ.

"ಟೀಚರ್, ಎಡಗಡೆಯಲ್ಲೇ ಅಗೀತಿದ್ದೀರಲ್ಲ. ಕೆಳಗಿನ ಸೆಟ್ಟು ಒತ್ತುತ್ತಾ?" ಎಂದು ಕೇಳಿದ. ಊರೆಲ್ಲ ಕರೆಯುವಂತೆ ಇವನೂ ಮೊದಲಿನಿಂದ ನನ್ನನ್ನು ಟೀಚರ್ ಎಂದೇ ಕರೆಯುತ್ತಾನೆ.

"ನೀವು ಊಟ ಮಾಡಿ."

"ಕೊಟ್ರೆ ಸ್ವಲ್ಪ ಉಜ್ಜಿ ಕೊಡ್ತೀನಿ. ಎಷ್ಟೊತ್ತಿನ ಕೆಲಸ."

"ನನ್ನ ಬಾಯಿಯ ವಿಚಾರ ನನಗೆ ಬಿಡಿ. ನಿಮ್ಮ ಮುಂದೆ ಹಲ್ಲು ಬಿಚ್ಚಿಟ್ಟು ಕೂರುವ ಕಾಲ ನನಗಿನ್ನೂ ಬಂದಿಲ್ಲ."

"ಅವಳೂ ಹೇಳಿದ್ಲು, ಅಮ್ಮನ್ನ ಕೇಳ್ಬೇಡಿ, ಬೈಸ್ಕೊಳ್ತೀರಿ ಅಂತ" ಎಂದು ಮೆಲ್ಲಗೆ ನಕ್ಕು, ಅನ್ನ ಕಲಸುವುದನ್ನು ನಿಲ್ಲಿಸಿದ. ಮುಖ ಒಂದು ಥರ ಆಯಿತು. ನಾನು ಎದ್ದು ತಟ್ಟೆ ತೊಳೆಯಲು ಹೋದೆ.

ಆಸ್ಪತ್ರೆಯಲ್ಲಿಯೂ, ಆಮೇಲೆಯೂ, ನಾನು ಯಾರ ಮುಂದೆಯೂ ಅತ್ತಿಲ್ಲ. ಬಂತೆನ್ನುವಾಗ ಹಲ್ಲು ಕಚ್ಚಿ ಹಿಡಿಯುತ್ತೇನೆ. ಸೆಟ್ಟು ಒಸಡಿಗೆ ನಾಟಿ ನೋಯುತ್ತದೆ. ಗಮನ ಆ ನೋವಿಗೆ ಹೋಗುತ್ತದೆ. ಉಜ್ಜಿಸುವ ಅಗತ್ಯವಿಲ್ಲ.

ಜೂನ್ ೨೦, ಗುರುವಾರ

ಸಂಗ್ರಹಾಲಯದ ಅಧಿಕಾರಿ ಬಂದಿದ್ದರು. ಸೌಜನ್ಯದ ಹೆಂಗಸು, ಚಪ್ಪಲಿಯನ್ನು ಜೋಡಿಸಿ ಬಿಟ್ಟು ಒಳಗೆ ಬಂದರು. ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದರು. ಬಲಭಾಗ ಹೀಗೇ ಅರ್ಧಕ್ಕೆ ನಿಂತಿರಲಿ, ಕೆಲಸ ಹೇಗೆ ಶುರುವಾಗುತ್ತದೆಂದು ಜನ ನೋಡಲಿ, ಅವರ ಹೆಸರಿನಲ್ಲಿಯೇ ಇಡುತ್ತೇವೆ ಎಂದರು. ಅಲ್ಲಿಯವರೆಗೂ ಎಲ್ಲ ಸರಿಯಾಗಿತ್ತು.

"ಆದ್ರೆ ಮಣ್ಣನ್ನ ಹಾಗೇ ಇಡೋಕಾಗಲ್ಲ ಮೇಡಂ. ಪ್ಲಾಸ್ಟರಿನಲ್ಲಿ ಅಚ್ಚು ತೆಗೀಬೇಕು. ಆ ಅಚ್ಚಿನಿಂದ ಎರಕ ಹೊಯ್ಯೋದು."

"ತೆಗೆಯಿರಿ. ಆಮೇಲೆ ಮಣ್ಣನ್ನು ನನಗೆ ಕೊಡಿ."

ಅವರು ನನ್ನ ಅಳಿಯನಾದವನ ಮುಖ ನೋಡಿದರು. ಅವನು ನೆಲ ನೋಡಿದ.

"ಮಣ್ಣು ಉಳಿಯಲ್ಲ ಮೇಡಂ. ಅಚ್ಚಿನೊಳಗಿಂದ ಅದನ್ನ ಕೆರೆದು ತೆಗೀಬೇಕಾಗುತ್ತೆ, ಚೂರು ಚೂರಾಗಿ."

ನನ್ನ ಮಗಳ ಬೆರಳು ಕೊನೆಯದಾಗಿ ಮುಟ್ಟಿದ್ದು ಇದು. ಇದನ್ನು ಕೆರೆದು ಬಕೆಟ್ಟಿಗೆ ಹಾಕಲು ನಾನು ಒಪ್ಪುವುದಿಲ್ಲ ಎಂದೆ. ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರು. ನಾನಿರುವವರೆಗೆ ಎಂದೆ.

"ನೀವೇನಂತೀರಿ?" ಎಂದು ಅವನನ್ನು ಕೇಳಿದರು.

"ಟೀಚರ್ ಹೇಳಿದ ಹಾಗೆ" ಎಂದ. ಬೆನ್ನೆಲುಬಿಲ್ಲದ ಉತ್ತರ. ನನ್ನ ಪರವಾಗಿಯೇ ಇದ್ದರೂ ನನಗೆ ಹಿಡಿಸಲಿಲ್ಲ.

ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಆಮೇಲೆ ಆ ಜಾಗಕ್ಕೆ ಬೇರೆ ಕಲಾವಿದರಿಂದ ಮಾಡಿಸಬೇಕಾಗುತ್ತದಂತೆ. ಮಾಡಿಸಲಿ.

ಜೂನ್ ೨೩, ಭಾನುವಾರ

ಎತ್ತಿದ ಅಂಚು ಮೊದಲಿನಷ್ಟು ಎತ್ತರವಿಲ್ಲ. ಮೊದಲು ನನ್ನ ಕಣ್ಣಿನ ದೋಷವೆಂದುಕೊಂಡೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ನಿಜವಾಗಿಯೂ ಇಳಿದಿದೆ.

"ನೀವು ಅದನ್ನು ಮುಟ್ಟಿದಿರಾ?" ಎಂದು ಕೇಳಿದೆ.

"ಇಲ್ಲ ಟೀಚರ್."

ಕಣ್ಣು ತಗ್ಗಿಸಿ ಹೇಳಿದ. ಎಷ್ಟು ತರಗತಿಗಳಲ್ಲಿ ನೋಡಿಲ್ಲ ನಾನು ಈ ತಗ್ಗಿಸಿದ ಕಣ್ಣನ್ನು. ಏನೋ ಮುಚ್ಚಿಡುತ್ತಿದ್ದಾನೆ. ನನಗೆ ಗೊತ್ತಿಲ್ಲದೆ ಅಧಿಕಾರಿಯನ್ನು ಕರೆದು ಅಚ್ಚಿಗೆ ಏರ್ಪಾಟು ಮಾಡಿದ್ದಾನೋ ಏನೋ.

ಒಣಗಿದ ಮಣ್ಣು ಕುಗ್ಗುತ್ತದೆ ಎಂದು ಅವಳು ಹೇಳಿದ್ದು ನೆನಪಿಗೆ ಬಂತು. ಬಟ್ಟೆಯ ಮೇಲೆ ಇನ್ನಷ್ಟು ನೀರು ಹಾಕಿದೆ. ಇನ್ನು ಮಧ್ಯಾಹ್ನವೂ ಒಮ್ಮೆ ಹಾಕಬೇಕು.

ಜೂನ್ ೨೪, ಸೋಮವಾರ

ಮೂರು ಹೊತ್ತೂ ಹಾಕಿದೆ.

ಜೂನ್ ೨೬, ಬುಧವಾರ

ಬ್ಯಾಂಕಿಗೆಂದು ಹೊರಟವಳು ಕನ್ನಡಕ ಮರೆತು ಅರ್ಧ ದಾರಿಯಿಂದ ಹಿಂತಿರುಗಿದೆ. ಬಾಗಿಲು ತೆರೆದಿತ್ತು. ಕೆಲಸದ ಹೊತ್ತಿನಲ್ಲಿ ಅವನ ಚಪ್ಪಲಿ ಹೊಸ್ತಿಲಲ್ಲಿ. ಹಿಂದಿನ ಕೋಣೆಯಿಂದ ಚುಸ್, ಚುಸ್ ಎಂಬ ಸದ್ದು.

ಅವಳ ಸ್ಟೂಲಿನ ಮೇಲೆ ಕುಳಿತು ಅವನು ಬಟ್ಟೆಗೆ ನೀರು ಹೊಡೆಯುತ್ತಿದ್ದ. ಕೈಯಲ್ಲಿದ್ದುದು ನನ್ನ ಸೀಸೆಯಲ್ಲ, ಬೇರೆಯದು. ನನ್ನನ್ನು ಕಂಡು ಧಡಕ್ಕನೆ ಎದ್ದು ಅದನ್ನು ಬೆನ್ನ ಹಿಂದೆ ಹಿಡಿದ.

"ಇದೇನು?" ಎಂದೆ.

"ಏನಿಲ್ಲ ಟೀಚರ್. ಒಣಗಬಾರದಲ್ಲ..."

"ಎಂದಿನಿಂದ ಹಾಕುತ್ತಿದ್ದೀರಿ?"

"ಅವಳನ್ನ ಆಸ್ಪತ್ರೆಗೆ ಸೇರಿಸಿದಾಗಿನಿಂದ. ಮಂಚದ ಮೇಲೆ ಮಲಗ್ಕೊಂಡು ದಿನಾ ಕೇಳೋಳು, ನೀರು ಹಾಕಿದ್ರಾ ಅಂತ. ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಹಾಕ್ತೀನಿ. ಮಧ್ಯಾಹ್ನ ಊಟದ ಬಿಡುವಲ್ಲಿ ಬಂದು ಹಾಕ್ತೀನಿ, ನೀವು ಮಲಗಿರ್ತೀರಲ್ಲ. ಹೇಳಿದ್ರೆ ಬೇಡ ಅಂತೀರೇನೋ ಅಂತ..."

ನಾನು ಒಳಗೆ ಬಂದು ಹಲಗೆಯ ಬಳಿ ನಿಂತೆ.

"ನಾನೂ ಹಾಕುತ್ತಿದ್ದೇನಲ್ಲ" ಎಂದೆ. "ಬಂದ ದಿನದಿಂದ. ನೀವು ಅತ್ತ ಹೋದಮೇಲೆ."

ಇಬ್ಬರೂ ಒಟ್ಟಿಗೆ ಬಟ್ಟೆ ಎತ್ತಿದೆವು. ಅದು ಮಣ್ಣಿಗೆ ಅಂಟಿಕೊಂಡು, ಸುಲಿದ ಹಾಗೆ ಮೇಲೆ ಬಂತು. ಹಲಗೆಯ ಮೇಲೆ ಕೆಸರುನೀರು ನಿಂತಿತ್ತು. ಎತ್ತಿದ ಅಂಚು ಪೂರ್ತಿ ಮಲಗಿಬಿಟ್ಟಿತ್ತು. ಎಡಭಾಗದ ಮಡಿಕೆಗಳ ಚೂಪು ಹೋಗಿ ಗುಂಡಗಾಗಿದ್ದವು. ಬಲಭಾಗದಲ್ಲಿ ಒತ್ತಿದ ಗುರುತುಗಳಲ್ಲಿ ಹೆಚ್ಚಿನವು ನುಣ್ಣಗೆ ಮುಚ್ಚಿಕೊಂಡಿದ್ದವು. ಅಂಚಿನ ಹತ್ತಿರದ ಒಂದೇ ಒಂದು ಹೆಬ್ಬೆರಳ ಗುಳಿಯಲ್ಲಿ ಮಾತ್ರ ಗೆರೆಗಳು ಉಳಿದಿದ್ದವು.

ಅವಳು ಬಿಟ್ಟುಹೋದದ್ದನ್ನು ಉಳಿಸುತ್ತೇವೆಂದು, ಒಬ್ಬರಿಗೊಬ್ಬರು ಕಾಣದ ಹಾಗೆ, ನಾವಿಬ್ಬರೂ ಅದನ್ನು ತೊಳೆಯುತ್ತಾ ಬಂದಿದ್ದೆವು.

ಅವನು ಸ್ಟೂಲಿನ ಮೇಲೆ ಕುಸಿದು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತ. ನಾನು ಹಲ್ಲು ಕಚ್ಚಿಕೊಂಡು ನಿಂತೆ.

ಜೂನ್ ೨೭, ಗುರುವಾರ

ಬಟ್ಟೆ ಹೊದಿಸಿಲ್ಲ. ಮಣ್ಣು ಒಂದಿಷ್ಟು ಬಿಗಿಯಾಗಲಿ ಎಂದ. ಅವನು ಕೆಲಸಕ್ಕೆ ಹೋಗಲಿಲ್ಲ. ಇಬ್ಬರೂ ಆಚೆ ಈಚೆ ಕುಳಿತು ಅದನ್ನೇ ಕಾದೆವು.

ಗೋಡೆಯ ಚಿತ್ರಗಳಲ್ಲಿ ಒಂದನ್ನು ಇಂದು ಸರಿಯಾಗಿ ನೋಡಿದೆ. ಬಂಡೆಯ ಮೇಲೆ ಪ್ರಾಣಿಯಿಲ್ಲ. ಅದು ಮಲಗಿ, ಸರಿದು, ಮತ್ತೆ ಮಲಗಿದ ಜಾಗಗಳ ಮಸುಕು ಗುರುತುಗಳು ಸಾಲಾಗಿವೆ. ಕೆಳಗೆ ಅವಳ ಅಕ್ಷರದಲ್ಲಿ "ಎದ್ದು ಹೋದದ್ದು" ಎಂದಿದೆ. ಅಕ್ಷರ ಎಂದಿನಂತೆ ಸೊಟ್ಟ.

"ಇನ್ನು ಎಷ್ಟು ದಿನ ತಡೆಯುತ್ತದೆ?" ಎಂದು ಕೇಳಿದೆ.

"ನೀರು ಹಾಕಿದ್ರೆ ಕರಗುತ್ತೆ, ಹಾಕದಿದ್ರೆ ಸೀಳುತ್ತೆ. ಭಾನುವಾರದವರೆಗೆ ಅಂದ್ಕೊಳ್ಳಿ."

"ನಿಮ್ಮ ಹಲ್ಲಿನ ಪ್ಲಾಸ್ಟರು ಆ ಬೆರಳಿನ ಗೆರೆಗಳನ್ನೂ ಹಿಡಿಯುತ್ತದೆಯೋ?"

"ಒಸಡಿನ ಮೇಲಿನ ಸಣ್ಣ ಗೀರನ್ನೂ ಹಿಡಿಯುತ್ತೆ." ಆ ಗುಳಿಯನ್ನೇ ನೋಡುತ್ತಾ, "ಆದ್ರೆ ಅಚ್ಚು ತೆಗೆಯೋಣ ಅಂತ ನೀವೇ ಹೇಳಬೇಕು. ನನ್ನ ಬಾಯಲ್ಲಿ ಅದು ಬರಲ್ಲ" ಎಂದ.

"ಹಾಗಾದರೆ ಅಚ್ಚನ್ನು ನೀನೇ ತೆಗೆ" ಎಂದೆ. "ಬೇರೆ ಯಾರೂ ಅದನ್ನು ಮುಟ್ಟಬಾರದು. ಇಳಿದ ಅಂಚನ್ನು ಎತ್ತಿ ಸರಿಮಾಡಲೂಬೇಡ. ಇದ್ದ ಹಾಗೆ ಇರಲಿ."

ಅಧಿಕಾರಿಗೆ ಫೋನು ಮಾಡಿ ನಾನೇ ತಿಳಿಸಿದೆ.

ಜೂನ್ ೩೦, ಭಾನುವಾರ

ಅಳಿಯ ಬೆಳಿಗ್ಗೆಯೇ ಸಿದ್ಧನಾಗಿದ್ದ. ಮೊದಲ ಲೇಪದ ಪ್ಲಾಸ್ಟರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿದ. ಯಾಕೆಂದು ಕೇಳಿದೆ.

"ಎರಕ ಹೊಯ್ದಮೇಲೆ ಈ ಅಚ್ಚನ್ನ ಉಳಿಯಲ್ಲಿ ಒಡೀಬೇಕು. ಬಿಳಿ ಇರೋವರೆಗೆ ಧೈರ್ಯವಾಗಿ ಒಡೀಬಹುದು. ನೀಲಿ ಕಂಡ್ರೆ, ಅವಳ ಹತ್ತಿರ ಬಂದಿದ್ದೀವಿ, ಕೈ ನಿಧಾನ ಅಂತ."

ಕುಂಚದಿಂದ ನೀಲಿಯನ್ನು ಹಚ್ಚುತ್ತಾ, ಗುಳ್ಳೆ ನಿಲ್ಲದಂತೆ ಬಾಯಿಂದ ಊದುತ್ತಾ ಹೋದ. ಮಡಿಕೆಗಳು ಒಂದೊಂದಾಗಿ ಮುಚ್ಚಿದವು. ಹೆಬ್ಬೆರಳ ಗುಳಿಯ ಬಳಿ ಬಂದಾಗ ಕುಂಚ ನಿಂತಿತು. ನನ್ನ ಕಡೆ ನೋಡಿದ. ತಲೆಯಾಡಿಸಿದೆ. ಅದೂ ಮುಚ್ಚಿತು. ಮೇಲೆ ಬಿಳಿಯ ದಪ್ಪ ಲೇಪ.

"ಅಚ್ಚಿನ ಬೆನ್ನ ಮೇಲೆ ಕೈ ಇಟ್ಟು ನೋಡಿ" ಎಂದ.

ಪ್ಲಾಸ್ಟರು ಗಟ್ಟಿಯಾಗುವಾಗ ಕಾವೇರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಅಂಗೈಯಡಿ ಮೊದಲು ಉಗುರುಬೆಚ್ಚಗೆ, ಆಮೇಲೆ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ಅವಳ ಹಣೆ ಹೀಗೆಯೇ ಇತ್ತು. ಕೈ ತೆಗೆಯಲಿಲ್ಲ. ನಿಧಾನವಾಗಿ ಆರುತ್ತಾ ಬಂತು. ಪೂರ್ತಿ ತಣ್ಣಗಾಗುವವರೆಗೂ ಇಟ್ಟುಕೊಂಡೇ ಇದ್ದೆ. ಅಲ್ಲಿ ಕೂಡ ಹಾಗೆಯೇ ಇಟ್ಟುಕೊಂಡಿದ್ದೆ.

ಜುಲೈ ೨, ಮಂಗಳವಾರ

ಅಚ್ಚನ್ನು ಬೋರಲು ಮಗುಚಿ ಮಣ್ಣನ್ನು ಕೆರೆದು ತೆಗೆದ. ಬಕೆಟ್ಟನ್ನು ನಾನೇ ಹಿಡಿದುಕೊಂಡೆ. ತೊಳೆದ ಮೇಲೆ ದೀಪವನ್ನು ಓರೆಯಾಗಿ ಹಿಡಿದು ಕರೆದ.

ಮಣ್ಣಿನಲ್ಲಿ ಗುಳಿಯಾಗಿದ್ದದ್ದು ಅಚ್ಚಿನಲ್ಲಿ ಉಬ್ಬಾಗಿ ಬರುತ್ತದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನೀಲಿ ತಗ್ಗಿನ ಅಂಚಿನಲ್ಲಿ ನನ್ನ ಮಗಳ ಹೆಬ್ಬೆರಳ ತುದಿ ನಿಂತಿತ್ತು. ಗುರುತಲ್ಲ, ಬೆರಳೇ. ಅದೇ ದುಂಡು, ಅದೇ ಗೆರೆಗಳು, ಚಿಕ್ಕವಳಿದ್ದಾಗ ಬಾಗಿಲಿಗೆ ಸಿಕ್ಕಿಸಿಕೊಂಡು ಅಡ್ಡವಾಗಿ ಉಳಿದ ಗಾಯದ ಕಲೆ. ನನ್ನ ಬೆರಳನ್ನು ಅದರ ಮೇಲೆ ಇಟ್ಟೆ. ಎಷ್ಟು ಹೊತ್ತು ಎಂದು ಬರೆಯುವುದಿಲ್ಲ.

"ಎರಕ ಬೇಡ ಅತ್ತೆ" ಎಂದ ಅಳಿಯ. "ಹೊಯ್ದರೆ ಇದನ್ನ ಒಡೀಬೇಕಾಗುತ್ತೆ. ಇದನ್ನ ಹೀಗೇ ಇಟ್ಕೊಳ್ಳಿ. ಆ ಮೇಡಂಗೆ ನಾನು ಹೇಳ್ಕೊಳ್ತೀನಿ, ಅಚ್ಚು ಕೆಟ್ಟುಹೋಯ್ತು ಅಂತ."

ಇಟ್ಟುಕೊಳ್ಳಬಹುದಿತ್ತು. ಟ್ರಂಕಿನಲ್ಲಿ ಹಿಡಿಸುತ್ತಿತ್ತು. ದಿನಾ ತೆಗೆದು ಮುಟ್ಟಬಹುದಿತ್ತು.

"ಅವಳು ಮಾಡಲು ಕುಳಿತದ್ದು ಪ್ರಾಣಿಯನ್ನು ಕಣೋ" ಎಂದೆ. "ಬೆರಳನ್ನಲ್ಲ. ನಾಳೆ ಹೊಯ್ಯಿ."

ಜುಲೈ ೪, ಗುರುವಾರ

ಒಡೆದೆವು. ಬಿಳಿ ಅವನ ಪಾಲಿಗೆ. ನೀಲಿ ಕಂಡಮೇಲೆ ಉಳಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಕೈಯ ಮೇಲೆ ಕೈಯಿಟ್ಟು ತೋರಿಸಿದ. ಹೆಬ್ಬೆರಳಿನ ಜಾಗ ಕೊನೆಗೆ ಬಂತು. ಒಂದೇ ತಟ್ಟಿಗೆ ನೀಲಿ ಚೂರಾಗಿ ಉದುರಿತು. ಅದರಡಿ, ಬಿಳಿಯ ಎರಕದ ಮೇಲೆ, ಗುಳಿ.

ಜುಲೈ ೧೯, ಶುಕ್ರವಾರ

ಸಂಗ್ರಹಾಲಯದ ಹೊಸ ವಿಭಾಗ ತೆರೆಯಿತು. ಮಬ್ಬು ಬೆಳಕು, ನೀರಿನ ಬಣ್ಣದ ಗೋಡೆ. ನಮ್ಮದು ಮಧ್ಯದ ಪೀಠದ ಮೇಲೆ, ಮರಳಿನ ಬಣ್ಣ ಹಚ್ಚಿಕೊಂಡು ಮಲಗಿತ್ತು.

"ಒಂದು ಅಂಚು ಮೇಲಿತ್ತಲ್ಲವಾ ಮೇಡಂ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದರು.

"ಇತ್ತು. ಇಳಿಯಿತು" ಎಂದೆ.

ಫಲಕದಲ್ಲಿ ಅವಳ ಹೆಸರು ಸರಿಯಾಗಿದೆ. ಕೆಳಗಿನ ವಿವರಣೆಯಲ್ಲಿ ಎರಡು ಕಡೆ ವಾಕ್ಯ ಸಡಿಲವಾಗಿದೆ. ಹೇಳಲು ಹೊರಟು ಬಿಟ್ಟೆ.

ಜುಲೈ ೨೦, ಶನಿವಾರ

ಬೆಳಿಗ್ಗೆ ಎದ್ದು ಸೀಸೆ ತುಂಬಿಸಿಕೊಂಡು ಹಿಂದಿನ ಕೋಣೆಗೆ ಹೋದೆ. ಹೋದಮೇಲೆ ನೆನಪಾಯಿತು. ಅಳಿಯ ಆಗಲೇ ಅಲ್ಲಿ ನಿಂತಿದ್ದ, ಅವನ ಸೀಸೆ ಹಿಡಿದುಕೊಂಡು. ಹಲಗೆಯ ಮೇಲೆ, ಮಣ್ಣು ಅಷ್ಟು ದಿನ ಮಲಗಿದ್ದ ಕಡೆ, ಮೊಟ್ಟೆಯಾಕಾರದ ನೀರಿನ ಕಲೆ ಉಳಿದಿದೆ.

"ಟ್ರಂಕು ಕಟ್ಟಿದ್ರಾ ಅತ್ತೆ?"

"ಇನ್ನೂ ಇಲ್ಲ. ಬಟ್ಟೆಗಳನ್ನು ಮಡಿಚುವುದು ಮುಗಿದಿಲ್ಲ."

"ಕೂತ್ಕೊಳ್ಳಿ. ಹಲ್ಲು ಕೊಡಿ ಇತ್ತ. ಮೇಲಿನದೂ, ಕೆಳಗಿನದೂ."

ಅವಳ ಸ್ಟೂಲಿನ ಮೇಲೆ ಕುಳಿತೆ. ಹಿಂದೆ ತಿರುಗಿ ಬಿಚ್ಚಿ, ಎರಡನ್ನೂ ಅವನ ಅಂಗೈಯಲ್ಲಿಟ್ಟೆ. ಅವನು ಕಿಟಕಿಯ ಬೆಳಕಿಗೆ ಹಿಡಿದು, ಒಸಡಿಗೆ ಒತ್ತುತ್ತಿದ್ದ ಜಾಗವನ್ನು ಒಂದೇ ನೋಟಕ್ಕೆ ಕಂಡುಕೊಂಡು, ಅರದಿಂದ ಉಜ್ಜತೊಡಗಿದ. ಬಿಳಿಯ ಪುಡಿ ಹಲಗೆಯ ಮೇಲಿನ ಕಲೆಯ ಮೇಲೆ ಸಣ್ಣಗೆ ಉದುರುತ್ತಿತ್ತು.

"ಇಷ್ಟು ವರ್ಷ ಹೇಗೆ ತಡ್ಕೊಂಡ್ರಿ ಇದನ್ನ?" ಎಂದ, ತಲೆಯೆತ್ತದೆ.

ಉತ್ತರ ಕೊಡಲು ಬಾಯಿ ತೆರೆದೆ. ಉತ್ತರದ ಬದಲು ಬೇರೆಯದು ಬಂತು, ಬಂದೇ ಬಂತು. ಕಚ್ಚಿ ಹಿಡಿಯಲು ಬಾಯಲ್ಲಿ ಏನೂ ಇರಲಿಲ್ಲ.